ಯಂತ್ರಪಾಠದಲ್ಲಿ ಸಹಪಾಠಿಗಳು: ಪ್ಲೇಟೋ ವ್ಯವಸ್ಥೆಯ ಒಂದು ಪ್ರಸಂಗ

ದೂರದಲ್ಲಿ ಕುಳಿತು ಯಂತ್ರದ ಮುಖಾಂತರ ಕಲಿಯುವವನಿಗೆ ಗುರುವಿನ ಅಭಾವಕ್ಕಿಂತ ಸಹಪಾಠಿಯ ಅಭಾವವೇ ಹೆಚ್ಚು ಬಾಧಕವಾದುದು. ಈ ಕೊರತೆಯನ್ನು ನೀಗುವ ಪ್ರಯತ್ನ ಅಂತರಜಾಲದ ಕಾಲದಲ್ಲಿಯೇ ಹುಟ್ಟಿತೆಂದು ಭಾವಿಸುವವರುಂಟು. ಅದು ಸರಿಯಲ್ಲ. ಅದರ ಮೂಲವನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಗಣಕಬೋಧನ ವ್ಯವಸ್ಥೆಯಲ್ಲಿ ಅರಸಬೇಕಾಗುತ್ತದೆ.

ಡೊನಾಲ್ಡ್ ಬಿಟ್ಜರ್ ಅವರ ನೇತೃತ್ವದಲ್ಲಿ 1960ರಲ್ಲಿ ಅರ್ಬಾನಾ ನಗರದಲ್ಲಿ ಆರಂಭವಾದ ಈ ವ್ಯವಸ್ಥೆಯ ಗುರಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನವನ ಗತಿಗೆ ತಕ್ಕಂತೆ ಪಾಠ ಹೇಳುವುದಾಗಿತ್ತು. ಯಂತ್ರ ಪ್ರಶ್ನೆ ಕೇಳುವುದು, ವಿದ್ಯಾರ್ಥಿ ಉತ್ತರಿಸುವುದು; ಪಕ್ಕದವನೊಡನೆ ಮಾತಿಗೆ ಆ ಯೋಜನೆಯಲ್ಲಿ ಎಡೆಯಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅದರ ನಾಲ್ಕನೆಯ ರೂಪ ಸಿದ್ಧವಾಯಿತು. ಕಿತ್ತಳೆ ಬಣ್ಣದಲ್ಲಿ ಹೊಳೆಯುವ ನೂರಾರು ಪರದೆಗಳು ದೂರದೂರದ ಊರುಗಳಿಂದ ಒಂದೇ ಕೇಂದ್ರಗಣಕಕ್ಕೆ ಜೋಡಿಸಲ್ಪಟ್ಟುವು. ಹೀಗೆ ಒಂದೇ ಯಂತ್ರದ ಆಶ್ರಯದಲ್ಲಿದ್ದವರು ಪರಸ್ಪರ ಮಾತನಾಡತೊಡಗಿದ್ದು ಬೇರೊಂದು ಕಾರ್ಯಕ್ಕಾಗಿ ತೆರೆದ ಬಾಗಿಲಿನಿಂದ.

ವ್ಯವಸ್ಥೆಯ ದೋಷಗಳನ್ನು ತಿಳಿಸಲು ಮೊದಲು ಒಂದು ತೆರೆದ ಕಡತವಿದ್ದಿತು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದಾಗಿತ್ತು. ಅಷ್ಟೇ ಸುಲಭವಾಗಿ ಅನ್ಯರ ಬರಹವನ್ನು ತಿದ್ದಬಹುದಾಗಿತ್ತು, ಅಳಿಸಲೂಬಹುದಾಗಿತ್ತು. ಬರೆದವರಾರೆಂದು ನಿಶ್ಚಯವಾಗಿ ತಿಳಿಯುವ ಉಪಾಯವಿರಲಿಲ್ಲ. ಇದನ್ನು ಸರಿಪಡಿಸುವ ಕೆಲಸ 1973ರಲ್ಲಿ, ಆಗಿನ್ನೂ 17 ವರ್ಷದ ತರುಣರಾಗಿದ್ದ ಡೇವಿಡ್ ವೂಲಿಯವರ ಪಾಲಿಗೆ ಬಂದಿತು. ಅವರು ರಚಿಸಿದ 'ನೋಟ್ಸ್' ಎಂಬ ಕ್ರಮವಿಧಿಯಲ್ಲಿ ಪ್ರತಿಯೊಂದು ಟಿಪ್ಪಣಿಗೂ ಬರೆದವರ ಗುರುತೂ ದಿನಾಂಕವೂ ತಾವಾಗಿಯೇ ಸೇರುತ್ತಿದ್ದುವು. ಉತ್ತರಗಳು ಆಯಾ ಟಿಪ್ಪಣಿಯನ್ನೇ ಹಿಂಬಾಲಿಸುತ್ತಿದ್ದುವು. ಒಂದು ಟಿಪ್ಪಣಿಗೆ ಗರಿಷ್ಠ 63 ಉತ್ತರಗಳು. (ಅರವತ್ತುಮೂವರು ಪುರಾತನರನ್ನು ಬಲ್ಲ ನಮಗೆ ಈ ಸಂಖ್ಯೆ ಕುತೂಹಲ ಹುಟ್ಟಿಸೀತು, ಅವರಿಗೂ ಇದಕ್ಕೂ ಸಂಬಂಧವೇನೂ ಇಲ್ಲ.)

ಮೇಲುನೋಟಕ್ಕೆ ಇದು ಕಚೇರಿಯ ಕಡತವನ್ನು ಅಚ್ಚುಕಟ್ಟು ಮಾಡಿದಂತೆ ತೋರುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ನಿರ್ಣಾಯಕವಾದ ಘಟ್ಟ. ತನ್ನ ಮಾತು ತನ್ನ ಹೆಸರಿನಲ್ಲಿ ಅಳಿಯದೆ ಉಳಿಯುವುದೆಂಬ ಭರವಸೆ, ಅದಕ್ಕೆ ಉತ್ತರ ಬರಬಹುದೆಂಬ ನಿರೀಕ್ಷೆ, ಇವೆರಡೂ ಕೂಡಿದಲ್ಲದೆ ಅಪರಿಚಿತರ ನಡುವೆ ಬಳಕೆ ಬೆಳೆಯದು. ಅದೇ ವರ್ಷ ಬಂದ 'ಟಾಕೋಮ್ಯಾಟಿಕ್' ಹಲವರು ಏಕಕಾಲದಲ್ಲಿ ಸಂಭಾಷಿಸಲು ಅನುವು ಮಾಡಿತು. ಬರೆಯುವವನ ಒಂದೊಂದು ಅಕ್ಷರವೂ ಇತರರ ಪರದೆಯ ಮೇಲೆ ಒಡನೆಯೇ ಮೂಡುತ್ತಿತ್ತು. ಆದರೆ ಅಂಥ ಮಾತು ಆ ಗಳಿಗೆಗೇ ಮುಗಿಯುವುದು. 1976ರಲ್ಲಿ ವಿಷಯಕ್ಕೊಂದರಂತೆ ಟಿಪ್ಪಣಿಕೂಟಗಳನ್ನು ಕಟ್ಟಿಕೊಳ್ಳುವ ಅವಕಾಶ ದೊರೆತ ಮೇಲೆ ಪಾಠಕ್ಕೆ ಸಂಬಂಧಿಸದ ಚರ್ಚೆಗಳೂ ಧಾರಾಳವಾಗಿ ನಡೆದುವು.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು 1988ರಲ್ಲಿ ಇಂಥ ಸಂಭಾಷಣೆಯನ್ನು ಪಠ್ಯಕ್ರಮದ ಅಂಗವನ್ನಾಗಿಯೇ ಮಾಡಿ, ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ 'ಕೋಸಿ' ಎಂಬ ವ್ಯವಸ್ಥೆಯನ್ನು ಒದಗಿಸಿತು. ರಾಬಿನ್ ಮೇಸನ್ ಅವರು ಅದನ್ನು ಪರಿಶೀಲಿಸಿದರು. ಪ್ಲೇಟೋದಲ್ಲಿ ತಾನಾಗಿ ಹುಟ್ಟಿದ್ದು ಇಲ್ಲಿ ವಿಧಿಸಿದ ಮಾತ್ರಕ್ಕೆ ಎಲ್ಲರಲ್ಲಿಯೂ ಹುಟ್ಟಲಿಲ್ಲ: ಅನೇಕರು ಇತರರ ಮಾತುಗಳನ್ನು ಓದಿ ತಾವೇನನ್ನೂ ಬರೆಯದೆ ಉಳಿದರು. ಅವರನ್ನು ಉದಾಸೀನರೆಂದು ಗಣಿಸುವುದು ನನಗೆ ಒಪ್ಪಿಗೆಯಾಗದು. ಮನೆಯ ದೂರವಾಣಿಯ ಶುಲ್ಕ ನಿಮಿಷನಿಮಿಷಕ್ಕೂ ಏರುತ್ತಿದ್ದ ಕಾಲದಲ್ಲಿ ಅವರು ಆ ಮಾತುಗಳನ್ನು ಓದುತ್ತಿದ್ದರು.