ಅಪರಾಧ ನಡೆದ ತರುವಾಯ ಅಪರಾಧಿಗೆ ನೆರವಾದವರಿಗೆ ವಿಧಿಸಲಾಗುವ ಶಿಕ್ಷೆ

ಕೊಲೆಯಂತಹ ಘೋರ ಅಪರಾಧದಲ್ಲಿ ಭಾಗಿಯಾಗದಿದ್ದರೂ, ಅದು ನಡೆದ ತರುವಾಯ ಅಪರಾಧಿಯನ್ನು ಕಾನೂನಿನ ಶಿಕ್ಷೆಯಿಂದ ಪಾರು ಮಾಡಲು ನೆರವಾಗುವುದು ಪ್ರತ್ಯೇಕ ಅಪರಾಧವಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 238 ಮತ್ತು 249ನೇ ಕಲಂಗಳು ಇದಕ್ಕೆ ಸಂಬಂಧಿಸಿವೆ. ಸದರಿ ದಿನಾಂಕಕ್ಕೆ ಮುಂಚೆ ನಡೆದ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆಯ 201 ಮತ್ತು 212ನೇ ಕಲಂಗಳು ಅನ್ವಯಿಸುತ್ತವೆ.

ಶವವನ್ನು ಬಚ್ಚಿಡುವುದು, ರಕ್ತದ ಕಲೆಯಾದ ಬಟ್ಟೆಯನ್ನು ಸುಡುವುದು, ಪೊಲೀಸರಿಗೆ ಸುಳ್ಳು ಮಾಹಿತಿ ನೀಡುವುದು 238ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಮೂಲ ಅಪರಾಧವು ಮರಣದಂಡನೆಗೆ ಗುರಿಯಾಗತಕ್ಕದ್ದಾಗಿದ್ದಲ್ಲಿ 7 ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದು. ಜೀವಾವಧಿ ಅಥವಾ 10 ವರ್ಷಗಳವರೆಗಿನ ಶಿಕ್ಷೆಯುಳ್ಳದ್ದಾಗಿದ್ದಲ್ಲಿ 3 ವರ್ಷಗಳವರೆಗೆ. ಅದಕ್ಕಿಂತ ಕಡಿಮೆಯದಾದರೆ ಗರಿಷ್ಠ ಅವಧಿಯ ನಾಲ್ಕನೇ ಒಂದು ಭಾಗ, ಜುಲ್ಮಾನೆ ಅಥವಾ ಎರಡೂ. ಉದಾಹರಣೆಗೆ, 7 ವರ್ಷಗಳವರೆಗೆ ಶಿಕ್ಷೆಯುಳ್ಳ ತೀವ್ರ ಗಾಯದ ಪ್ರಕರಣದಲ್ಲಿ ಇದು 1 ವರ್ಷ 9 ತಿಂಗಳು.

ಅಪರಾಧಿಗೆ ಆಶ್ರಯ ನೀಡಿದವರಿಗೆ 249ನೇ ಕಲಮಿನಡಿ, ಮೂಲ ಅಪರಾಧ ಕೊಲೆಯಾಗಿದ್ದಲ್ಲಿ, 5 ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ ಇರುತ್ತದೆ. ಆಶ್ರಯವೆಂದರೆ ಮನೆಯಲ್ಲಿ ಇರಿಸಿಕೊಳ್ಳುವುದಷ್ಟೇ ಅಲ್ಲ. ಊಟ, ಹಣ, ಬಟ್ಟೆ, ವಾಹನ ಒದಗಿಸುವುದೂ ಸೇರುತ್ತದೆ. ಪತಿ ಅಥವಾ ಪತ್ನಿ ಆಶ್ರಯ ನೀಡಿದಲ್ಲಿ ಈ ಕಲಂ ಅನ್ವಯಿಸುವುದಿಲ್ಲ. ಮಗನನ್ನು ಅಡಗಿಸಿಟ್ಟ ತಾಯಿಗೆ, ತಮ್ಮನನ್ನು ಊರು ದಾಟಿಸಿದ ಅಣ್ಣನಿಗೆ ಈ ವಿನಾಯಿತಿ ಇರುವುದಿಲ್ಲ. ಸಾರ್ವಜನಿಕರು ಸಾಮಾನ್ಯವಾಗಿ ತಪ್ಪಾಗಿ ತಿಳಿಯುವುದು ಇದನ್ನೇ. ಇದಲ್ಲದೆ, 238ನೇ ಕಲಮಿನಲ್ಲಿ ಪತಿ-ಪತ್ನಿಯರಿಗೂ ವಿನಾಯಿತಿ ಇಲ್ಲ. ಗಂಡನನ್ನು ಉಳಿಸುವ ಸಲುವಾಗಿ ರಕ್ತಸಿಕ್ತ ಅಂಗಿಯನ್ನು ತೊಳೆದ ಹೆಂಡತಿಯೂ ಆರೋಪಿಯಾಗಬಹುದು.

ಕೃತ್ಯಕ್ಕೆ ಮುಂಚೆಯೇ ಸಂಚಿನಲ್ಲಿದ್ದವರ ಸಂಗತಿ ಬೇರೆ. ಅವರು ಮೂಲ ಅಪರಾಧಕ್ಕೇ ಹೊಣೆಗಾರರಾಗಬಹುದು.

ಅಪರಾಧ ನಡೆದಿರುವುದು, ಆರೋಪಿಗೆ ಅದು ತಿಳಿದಿದ್ದುದು ಅಥವಾ ಹಾಗೆ ನಂಬಲು ಕಾರಣವಿದ್ದುದು, ಅಪರಾಧಿಯನ್ನು ಪಾರು ಮಾಡುವ ಉದ್ದೇಶ ಹೊಂದಿದ್ದುದು ರುಜುವಾತಾಗತಕ್ಕದ್ದು. ಸಂಶಯ ಮಾತ್ರ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 1952ರಲ್ಲಿ ಪಲ್ವಿಂದರ್ ಕೌರ್ ಪ್ರಕರಣದಲ್ಲಿ ತಿಳಿಸಿ, ಆಕೆಯನ್ನು ಖುಲಾಸೆಗೊಳಿಸಿತು. ವಿಷಯ ತಿಳಿಯದೆ ನೆಂಟನಿಗೆ ಒಂದು ರಾತ್ರಿ ತಂಗಲು ಅವಕಾಶ ಕೊಟ್ಟವರು ಭಯಪಡಬೇಕಾಗಿಲ್ಲ.

ಮೇಲೆ ಹೇಳಿದ ಅವಧಿಗಳು ಗರಿಷ್ಠ ಮಿತಿಗಳು. ಕನಿಷ್ಠ ಅವಧಿಯನ್ನು ನಿಗದಿಪಡಿಸಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಅಪರಾಧಗಳಾದುದರಿಂದ, ಸೂಕ್ತವೆನಿಸಿದಲ್ಲಿ ನ್ಯಾಯಾಲಯವು ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, 1958ರ 4ನೇ ಕಲಮಿನಂತೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬಹುದು. ಕಾರಾವಾಸ ವಿಧಿಸಿದಲ್ಲಿ, ವಿಚಾರಣಾ ಕಾಲದಲ್ಲಿ ಬಂಧನದಲ್ಲಿ ಕಳೆದ ಅವಧಿಯನ್ನು ಅದರಲ್ಲಿ ವಜಾ ಮಾಡಲಾಗುತ್ತದೆ.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತರಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯ ಮಿತಿ ಅನ್ವಯಿಸುವುದಿಲ್ಲ. ಸಹಾಯವಾಣಿ: 15100.