ಬಿತ್ತದ ನೆಲದ ಹಣ

ಅಮೆರಿಕದ ಅರ್ಕನ್ಸಾ ರಾಜ್ಯದ ಈಶಾನ್ಯಕ್ಕೆ, ಮಿಸಿಸಿಪ್ಪಿ ಮಹಾನದಿಯ ಬಯಲಿನಲ್ಲಿ ಪಾಯಿನ್ಸೆಟ್ ಎಂಬ ಕೌಂಟಿಯಿದೆ. ಕಾಡು ಕಡಿದು ಜೌಗು ಬಸಿದು ಹದಗೊಳಿಸಿದ ಆ ನೆಲದಲ್ಲಿ ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಹತ್ತಿಯದೇ ಆಳ್ವಿಕೆ. ಭೂಮಿ ಕೆಲವೇ ಒಡೆಯರದು. ದುಡಿಮೆ ಕೋರಿಗೆ ಉಳುವ ಕುಟುಂಬಗಳದು. ಅವರಲ್ಲಿ ಬಿಳಿಯರೂ ಇದ್ದರು, ಕಪ್ಪು ಜನರೂ ಇದ್ದರು. ಹೇಸರಗತ್ತೆ, ನೇಗಿಲು, ಬೀಜ ಎಲ್ಲವೂ ಒಡೆಯನವು. ಮೆಕ್ಕೆಜೋಳದ ಹಿಟ್ಟು ಕೂಡ ಒಡೆಯನ ಅಂಗಡಿಯ ಉದ್ದರಿ. ಸುಗ್ಗಿಯಲ್ಲಿ ಬೆಳೆಯ ಅರ್ಧ ಉಳುವವನಿಗೆ ಸಲ್ಲಬೇಕು; ಉದ್ದರಿ ಮುರಿದುಕೊಂಡ ಮೇಲೆ ಕೈಗೆ ಬರುವುದು ಬಹುಪಾಲು ಏನೂ ಇಲ್ಲ.

1927ರಲ್ಲಿ ಆ ಬಯಲನ್ನು ನೆರೆ ನುಂಗಿತು, 1930ರಲ್ಲಿ ಬರ ಸುಟ್ಟಿತು. 1929ರಲ್ಲಿ ಪೌಂಡಿಗೆ 17 ಸೆಂಟಿನ ಆಸುಪಾಸಿನಲ್ಲಿದ್ದ ಹತ್ತಿಯ ಬೆಲೆ ಎರಡೇ ವರ್ಷದಲ್ಲಿ 6 ಸೆಂಟಿಗಿಂತ ಕೆಳಗೆ ಕುಸಿಯಿತು. ಆಗ ಅಧ್ಯಕ್ಷ ರೂಸ್‌ವೆಲ್ಟರು 1933ರ ಮೇ 12ರಂದು ಕೃಷಿ ಹೊಂದಾಣಿಕೆ ಕಾಯಿದೆಗೆ ಸಹಿ ಹಾಕಿದರು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ. ಬೆಳೆಯದೆ ಬಿಟ್ಟ ನೆಲಕ್ಕೆ ಸರ್ಕಾರ ಹಣ ಕೊಡುತ್ತದೆ. ಇದೇ ಅದರ ತಿರುಳು. ಅಷ್ಟರಲ್ಲಿ ಹತ್ತಿ ಮೊಳೆತು ನಿಂತಿತ್ತು. ಆ ಬೇಸಿಗೆಯಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 1 ಕೋಟಿ ಎಕರೆ ಬೆಳೆಯನ್ನು ಉತ್ತು ಮಣ್ಣಿಗೆ ಹಾಕಿದರು. ಬೆಳೆಯ ಸಾಲನ್ನು ತುಳಿಯಬಾರದೆಂದು ಪಳಗಿದ್ದ ಹೇಸರಗತ್ತೆಗಳು ಸಾಲಿನ ಮೇಲೆ ಹೆಜ್ಜೆಯಿಡಲು ಒಪ್ಪಲಿಲ್ಲವೆಂದು ಜನ ಹೇಳಿಕೊಂಡರು.

ಬೆಲೆ ಏರಿತು, ನಿಜ. ಆದರೆ ಹಣ ಯಾರ ಕೈ ಸೇರಿತು? 1934ರ ಹತ್ತಿ ಕರಾರಿನಲ್ಲಿ ಬಿತ್ತದ ನೆಲದ ಬಾಡಿಗೆ, ಅಲ್ಲಿ ಬೆಳೆಯಬಹುದಾಗಿದ್ದ ಹತ್ತಿಯ ಲೆಕ್ಕದಲ್ಲಿ, ಪೌಂಡಿಗೆ ಮೂರೂವರೆ ಸೆಂಟ್. ಅದು ಪೂರ್ತಿ ಒಡೆಯನದು. ಅದರ ಮೇಲಿನ 1 ಸೆಂಟಿನಲ್ಲಿ ಮಾತ್ರ ಕೋರಿನವನಿಗೆ ಅರ್ಧ. ಒಂಬತ್ತು ಪಾಲಿನಲ್ಲಿ ಎಂಟು ಒಡೆಯನಿಗೆ, ಒಂದು ಉಳುವವನಿಗೆ. ಆ ಒಂದು ಪಾಲೂ ಒಡೆಯನ ಕೈ ಹಾಯ್ದೇ ಬರಬೇಕು, ಉದ್ದರಿ ಪುಸ್ತಕವನ್ನು ದಾಟಿ ಬರಬೇಕು. ಅನ್ಯಾಯವೆಂದು ದೂರು ಕೊಟ್ಟರೆ ವಿಚಾರಣೆ ಕೌಂಟಿಯ ಸಮಿತಿಯ ಮುಂದೆ. ಆ ಸಮಿತಿಯಲ್ಲಿ ಕೂತವರು ಒಡೆಯರೇ, ಇಲ್ಲವೇ ಒಡೆಯರ ಬಳಗದವರು.

ಬಿತ್ತದ ನೆಲಕ್ಕೆ ಉಳುವವನೇಕೆ? ಟೈರೊಂಜಾ ಊರಿನ ಹತ್ತಿರ ಒಬ್ಬನೇ ಭೂಮಾಲೀಕ ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಹೊರಹಾಕಿದ. 1934ರ ಜುಲೈನಲ್ಲಿ ಸನ್ನಿಸೈಡ್ ಶಾಲೆಯಲ್ಲಿ ಹನ್ನೊಂದು ಬಿಳಿಯರೂ ಏಳು ಕಪ್ಪು ರೈತರೂ ಸೇರಿದರು. ಬೇರೆ ಬೇರೆ ಸಂಘವೋ, ಒಂದೇ ಸಂಘವೋ ಎಂಬ ಚರ್ಚೆ ನಡೆಯಿತು. 1919ರಲ್ಲಿ ಎಲೈನ್ ಎಂಬಲ್ಲಿ ಕಪ್ಪು ರೈತರ ಸಂಘವನ್ನು ರಕ್ತದಲ್ಲಿ ಅದ್ದಿದ್ದನ್ನು ಕಂಡಿದ್ದ ವೃದ್ಧನೊಬ್ಬ, ಒಂದೇ ಸಂಘವಾಗಲಿ ಎಂದ. ದಕ್ಷಿಣದ ಗೇಣಿ ರೈತರ ಸಂಘ ಹುಟ್ಟಿದ್ದು ಹೀಗೆ. ಬಣ್ಣದ ಗೋಡೆ ಅಷ್ಟು ಎತ್ತರಕ್ಕೆ ನಿಂತಿದ್ದ ಆ ನಾಡಿನಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ನನಗೆ ಕಾಣದು. ಮುಂದಾಳುಗಳಾದ ಎಚ್. ಎಲ್. ಮಿಚೆಲ್ ಮತ್ತು ಕ್ಲೇ ಈಸ್ಟ್ ಭೂಮಿಯುಳ್ಳವರಲ್ಲ. ಒಬ್ಬ ಬಟ್ಟೆ ಒಗೆಯುವ ಅಂಗಡಿಯವ, ಇನ್ನೊಬ್ಬ ಪೆಟ್ರೋಲ್ ಬಂಕಿನವ.

ಕರಾರಿನ 7ನೆಯ ಕಲಮು ಒಕ್ಕಲುಗಳ ಸಂಖ್ಯೆಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಬೇಕೆಂದು ಹೇಳಿತ್ತು. ‘ಸಾಧ್ಯವಾದಷ್ಟು’ ಎಂಬ ಆ ಸಡಿಲಿನಲ್ಲಿ ಸಾವಿರಾರು ಮನೆಗಳು ಬಯಲಾದವು. ಸಂಘ ನ್ಯಾಯಾಲಯಕ್ಕೆ ಹೋಯಿತು. ಕರಾರು ಸರ್ಕಾರಕ್ಕೂ ಒಡೆಯನಿಗೂ ನಡುವಿನದು, ಒಕ್ಕಲಿಗೆ ಅದರಲ್ಲಿ ಹಕ್ಕಿಲ್ಲವೆಂದು ತೀರ್ಪಾಯಿತು. ಅದೇ ಒಕ್ಕಲುಗಳನ್ನು ಉಳಿಸಲೇಬೇಕೆಂದು ಕಲಮನ್ನು ಅರ್ಥೈಸಿದ ವಾಷಿಂಗ್ಟನ್ನಿನ ವಕೀಲ ಜೆರೋಮ್ ಫ್ರಾಂಕ್ ಮತ್ತು ಸಂಗಡಿಗರನ್ನು 1935ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆದರು. ಕೃಷಿ ಸಚಿವ ಹೆನ್ರಿ ವ್ಯಾಲೇಸ್ ಅದಕ್ಕೆ ಸಮ್ಮತಿ ಕೊಟ್ಟರು.

1936ರ ಜನವರಿ 6ರಂದು ಸುಪ್ರೀಂ ಕೋರ್ಟು ಕಾಯಿದೆಯನ್ನು ಅಸಿಂಧುಗೊಳಿಸಿತು. ಎರಡು ತಿಂಗಳು ತುಂಬುವ ಮುನ್ನ ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಇನ್ನೊಂದು ಬಂತು, 1938ರಲ್ಲಿ ಮತ್ತೊಂದು. ಉಳುವವನ ಪಾಲು ಕಾಗದದ ಮೇಲೆ ಹೆಚ್ಚಿತು. ಆಗ ಒಡೆಯರು ಪಾಲು ಕೊಡುವ ಗೊಡವೆಯೇ ಬೇಡವೆಂದು ಕೋರಿನವರನ್ನು ಬಿಡಿಸಿ ದಿನಗೂಲಿಗಳನ್ನು ಹಿಡಿದರು, ಟ್ರಾಕ್ಟರು ಕೊಂಡರು. 1939ರ ಜನವರಿಯಲ್ಲಿ ನೆರೆಯ ಮಿಸೌರಿಯ ಆಗ್ನೇಯ ಮೂಲೆಯಲ್ಲಿ ಹೀಗೆ ಮನೆ ಬಿಡಬೇಕಾದ ಸಾವಿರಕ್ಕೂ ಹೆಚ್ಚು ಜನ, ಓವನ್ ವಿಟ್‌ಫೀಲ್ಡ್ ಎಂಬ ಕಪ್ಪು ಪಾದ್ರಿಯ ಕರೆಗೆ ಓಗೊಟ್ಟು, ಒಲೆ, ಹಾಸಿಗೆ, ಕೋಳಿ, ಮಕ್ಕಳ ಸಮೇತ 60 ಮತ್ತು 61ನೆಯ ಹೆದ್ದಾರಿಗಳ ಅಂಚಿನಲ್ಲಿ ಚಳಿಯಲ್ಲಿ ಕುಳಿತರು. ಕೆಲವು ದಿನಗಳಲ್ಲೇ ಅಧಿಕಾರಿಗಳು, ಆರೋಗ್ಯದ ಕಾರಣ ಹೇಳಿ, ಅವರನ್ನು ದಾರಿಹೋಕರ ಕಣ್ಣಿಗೆ ಬೀಳದ ಕಡೆಗೆ ಸಾಗಿಸಿದರು.