ರಕ್ತದ ಹುಳಿ, ಯಂತ್ರದ ಸಾಕ್ಷಿ

ಹುಮನಾಬಾದ್ ಸೀಮೆಯ ನಿರ್ಣಾ ಗ್ರಾಮವು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದ ಮಾತು. 1889ರಲ್ಲಿ ರಾಜಧಾನಿ ಹೈದರಾಬಾದಿನಲ್ಲಿ ಒಂದು ಅಪೂರ್ವ ಪರೀಕ್ಷೆ ನಡೆಯಿತು. ಕ್ಲೋರೋಫಾರ್ಮ್ ಕೊಟ್ಟ ರೋಗಿ ಸಾಯುವುದು ಉಸಿರು ನಿಂತೋ, ಹೃದಯ ನಿಂತೋ? ವೈದ್ಯ ಎಡ್ವರ್ಡ್ ಲಾರಿಯವರ ಒತ್ತಾಸೆಯಿಂದ, ನಿಜಾಮರ ಧನಸಹಾಯದಿಂದ ಲಂಡನ್ನಿನ ಲಾಡರ್ ಬ್ರಂಟನ್ ಬಂದರು. ನೂರಾರು ಪ್ರಾಣಿಗಳನ್ನು ಪರೀಕ್ಷಿಸಿದ ಆಯೋಗವು, ಮೊದಲು ನಿಲ್ಲುವುದು ಉಸಿರೇ, ಅದನ್ನು ಕಾಯ್ದರೆ ಸಾಕು ಎಂದು ತೀರ್ಪಿತ್ತಿತು. 1911ರಲ್ಲಿ ಗುಡ್‌ಮನ್ ಲೆವಿ, ಹಗುರವಾದ ಕ್ಲೋರೋಫಾರ್ಮಿನಲ್ಲಿಯೂ ಹೃದಯವೇ ಥಟ್ಟನೆ ಕೆಡಬಲ್ಲದೆಂದು ತೋರಿಸಿದರು. ಆಯೋಗ ಕಂಡದ್ದು ಸುಳ್ಳಲ್ಲ. ಅದರಿಂದ ತೆಗೆದ ಅರ್ಥ ಅಪೂರ್ಣ.

ಇಂಥದೇ ಸಂದಿಗ್ಧವು 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಎದುರಾಯಿತು. ಪೋಲಿಯೋದಿಂದ ಉಸಿರಾಟ ಸೋತವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಮೊತ್ತ ಹೆಚ್ಚಿತ್ತು. ರಕ್ತ ಕ್ಷಾರವಾಗಿದೆಯೆಂದು ವೈದ್ಯರು ಭಾವಿಸಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ: ಹೊರಹೋಗಬೇಕಾದ ಅನಿಲ ಒಳಗೇ ಉಳಿದಿದೆ, ರಕ್ತ ಹುಳಿಯಾಗಿದೆ ಎಂದರು. ಅಳೆದು ನೋಡಿದಾಗ ಅವರ ಮಾತೇ ನಿಜವಾಯಿತು. ಅಂಕಿ ಒಂದೇ, ಅರ್ಥ ಎರಡು. ನಡುವೆ ತೂಗುತ್ತಿದ್ದುದು ಮಕ್ಕಳ ಪ್ರಾಣ. ವೈದ್ಯವಿದ್ಯಾರ್ಥಿಗಳು ಹಗಲಿರುಳು ಕೈಯಿಂದ ಚೀಲ ಒತ್ತಿ ಉಸಿರು ನೀಡಿದರು. ಸಾವು ಬಹಳವಾಗಿ ಇಳಿಯಿತು. ಪಿ.ಎಚ್. ಎಂಬ ಮಾನವನ್ನು 1909ರಲ್ಲಿ ಸೋರೆನ್ಸನ್ ರೂಪಿಸಿದ್ದೂ ಆ ನಗರದಲ್ಲಿಯೇ.

ಮುಂದೆ ಪೌಲ್ ಆಸ್ಟ್ರಪ್, ಲೀಲೆಂಡ್ ಕ್ಲಾರ್ಕ್, ರಿಚರ್ಡ್ ಸ್ಟೋ, ಜಾನ್ ಸೆವರಿಂಗ್‌ಹೌಸ್ ಮೊದಲಾದವರ ಶ್ರಮದಿಂದ ಪಿ.ಎಚ್., ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮೂರನ್ನೂ ತೋರುವ ಯಂತ್ರಗಳು ಬಂದವು. ಆದರೆ ಯಂತ್ರವನ್ನು ನಂಬುವುದೆಂತು? ಅಪಧಮನಿಯ ರಕ್ತದ ಪಿ.ಎಚ್. ಸಾಮಾನ್ಯವಾಗಿ 7.35ರಿಂದ 7.45. ಅದು 7.4ರಿಂದ 7.1ಕ್ಕೆ ಇಳಿದರೆ ನೋಡಲು ಅಲ್ಪ. ಹೈಡ್ರೋಜನ್ ಅಯಾನುಗಳು ಮಾತ್ರ ಇಮ್ಮಡಿ! ಆದುದರಿಂದ ಪಿ.ಎಚ್. ಗೊತ್ತಿರುವ ದ್ರಾವಣಗಳಿಂದ ಯಂತ್ರವನ್ನು ಹದಗೊಳಿಸುತ್ತಾರೆ; ಅಳತೆ ಗೊತ್ತಿರುವ ಅನಿಲವನ್ನು 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ರಕ್ತಕ್ಕೆ ಬೆರೆಸಿ, ಯಂತ್ರ ಅದನ್ನೇ ಹೇಳುವುದೋ ಎಂದು ಒರೆಹಚ್ಚುತ್ತಾರೆ. ಸಂತೆಯ ತಕ್ಕಡಿ ಹತ್ತು ಸಲವೂ ಒಂದೇ ತೂಕ ತೋರಬಹುದು. ಬಟ್ಟೇ ಸವೆದಿದ್ದರೆ ಹತ್ತೂ ಸುಳ್ಳು. ಸ್ಥಿರತೆ ಬೇರೆ, ಸತ್ಯ ಬೇರೆ. ಸಿರಿಂಜಿನೊಳಗಿನ ಗಾಳಿಗುಳ್ಳೆ ಆಮ್ಲಜನಕದ ಲೆಕ್ಕ ಕೆಡಿಸೀತು. ತಡಮಾಡಿದರೆ ಜೀವಂತ ರಕ್ತಕಣಗಳೇ ಅದನ್ನು ಉಂಡುಬಿಟ್ಟಾವು.

ಹೈದರಾಬಾದಿನ ಆಯೋಗಕ್ಕೆ ಇಂಥ ಯಂತ್ರವಿರಲಿಲ್ಲ; ಕೋಪನ್‌ಹೇಗನ್ನಿನವರಿಗೆ ಅಳತೆಯಿದ್ದೂ ಅರ್ಥ ತಪ್ಪಿತ್ತು. ಯಂತ್ರವು ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ಮನುಷ್ಯ ವಿವೇಕದ ಹೊಣೆ.